ಹೆಸರು ಹೇಳುವ ತಾಲೀಮು

ನಮ್ಮ ಮನೆಗೂ ಹಾಸ್ಟೆಲ್ಲಿನ ಅಡಿಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೋಡೆಯ ಆಚೆ ನಮ್ಮಪ್ಪ ಹಾಸ್ಟೆಲ್ಲಿನ ಹುಡುಗರಿಗೆಲ್ಲ ಅನ್ನ ಬೇಯಿಸುತ್ತಿದ್ದ. ಈಚೆ ಅವ್ವ, ಅಪ್ಪನ ತಾಯಿಯಾದ ಆಯಿ, ನಾನು, ಮೂವರೂ ಅವನ ಸೌಟಿನ ಸಪ್ಪಳದಿಂದಲೇ ಹೊತ್ತು ಎಷ್ಟಾಯಿತೆಂದು ತಿಳಿಯುತ್ತಿದ್ದೆವು. ಸೌಟು ಬೋಗುಣಿಯ ಅಂಚಿಗೆ ಬಡಿದರೆ ಸಾರು ಇಳಿಯಿತು, ತಳಕ್ಕೆ ಕೆರೆದರೆ ಹುಡುಗರ ಊಟ ಮುಗಿಯಿತು, ಇನ್ನು ಅಪ್ಪ ಬರುತ್ತಾನೆ. ಹಾಸ್ಟೆಲ್ಲಿನವರು ಅಡಿಗೆಯವನಿಗೆಂದು ಕೊಟ್ಟ ಎರಡು ಕೋಣೆ ಅವು. ಮೊದಲನೆಯದರಲ್ಲಿ ಆಯಿಯ ಹೊರಸು, ದೇವರ ಜಗುಲಿ, ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿ. ಎರಡನೆಯದರಲ್ಲಿ ಒಲೆ, ನೀರಿನ ಕೊಡಗಳು, ಜೋಳದ ಹಿಟ್ಟಿನ ಡಬ್ಬಿ. ರಾಯಚೂರಿನ ಬೇಸಿಗೆಯಲ್ಲಿ ಎರಡೂ ಕೋಣೆಗಳು ಹಂಚಿನಂತೆ ಕಾಯುತ್ತಿದ್ದವು. ನಾವು ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತ ರೊಟ್ಟಿಗಳ ಹಾಗೆ ಎರಡೂ ಕಡೆ ಸಮನಾಗಿ ಬೇಯುತ್ತಿದ್ದೆವು. ಬೆಂದದ್ದರಲ್ಲಿ ಕರ್ರಗಾದವನು ನಾನೊಬ್ಬನೇ ಎಂದು ಆಯಿ ಹೇಳುತ್ತಿದ್ದಳು.

ಊರಿನ ಮಕ್ಕಳಿಗೆಲ್ಲ ಅನ್ನ ಹಾಕುತ್ತಿದ್ದ ಅಪ್ಪ ತಾನು ಮಾತ್ರ ಆ ಅನ್ನ ಮುಟ್ಟುತ್ತಿರಲಿಲ್ಲ. ಮಾಡಿದವನ ಮೂಗು ಮೊದಲೇ ಉಂಡಿರುತ್ತದೆ ಎನ್ನುತ್ತಿದ್ದ. ಕೆಲಸ ಮುಗಿಸಿ ಬಂದು ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿ, ಅವ್ವನ ರೊಟ್ಟಿಯ ಮುಂದೆ ಕೂತರೆ ಅವನಿಗೆ ದಿನ ಶುರುವಾದಂತೆ. ಪುಂಡಿಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಅದರ ಜೊತೆ ನಂಜಿಕೊಳ್ಳಲು ನಾನು. ನಾನು ಆಗಲೇ ಕಂಡವರ ದನಿ ಕದಿಯುವ ಹುಡುಗ. ವಾರ್ಡನ್ನರು ಮೂಗಿನಿಂದ ಹಾಜರಿ ಕರೆಯುವುದು, ಮಾನ್ವಿ ಬಸ್ಸಿನ ಕಂಡಕ್ಟರು ಟಿಕೆಟ್ಟಿಗೆ ಮೊದಲು ಬೈಗುಳ ಹರಿದುಕೊಡುವುದು, ಮಠದ ಸ್ವಾಮಿಗಳು ಆಶೀರ್ವಾದಕ್ಕೂ ಕೆಮ್ಮಿಗೂ ನಡುವೆ ಸಿಕ್ಕಿಕೊಳ್ಳುವುದು, ಎಲ್ಲ ಮಾಡಿ ತೋರಿಸುತ್ತಿದ್ದೆ. ಅಪ್ಪ ನಕ್ಕು ನಕ್ಕು ರೊಟ್ಟಿ ಗಂಟಲಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ. ಅವ್ವ ನೀರಿನ ತಂಬಿಗೆ ಸರಿಸುತ್ತ ಇಬ್ಬರನ್ನೂ ಒಟ್ಟಿಗೆ ಬೈಯುತ್ತಿದ್ದಳು.

"ರೀ, ಉಣ್ಣಾಗ ನಗಬ್ಯಾಡ್ರಿ. ಈರ್ಯಾ, ಬಾಯಿ ಮುಚ್ಚಲೇ, ನಿಮ್ಮಪ್ಪಗ ಠಸಕಿ ಹತ್ತತದ."

ಆ "ರೀ" ಬಿಟ್ಟರೆ ಅವ್ವನ ಬಾಯಲ್ಲಿ ಅಪ್ಪನಿಗೆ ಬೇರೆ ಹೆಸರಿರಲಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದಷ್ಟು ಸಲ ಅವನ ಆಯುಷ್ಯ ಕಡಿಮೆಯಾಗುತ್ತದೆ. ಅವ್ವ ಈ ಲೆಕ್ಕದಲ್ಲಿ ಮಹಾ ಜಿಪುಣಿ. ಅಪ್ಪನ ಹೆಸರು ಶರಣಪ್ಪ. ನಮ್ಮ ಮಂದಿ ಎದುರುಬದುರಾದರೆ "ಶರಣ್ರಿ" ಎನ್ನುವವರು. ಆ ಮಾತಿನಲ್ಲಿ ಗಂಡನ ಹೆಸರಿನ ಮುಕ್ಕಾಲು ಪಾಲು ಬಂದುಬಿಡುತ್ತದೆಂದು ಅವ್ವ ಅದನ್ನೂ ಆಡುತ್ತಿರಲಿಲ್ಲ. ಮಠಕ್ಕೆ ಹೋದರೂ ಸಾಲಿನಲ್ಲಿ ಎಲ್ಲರೂ ಶರಣು ಶರಣು ಎನ್ನುವಾಗ ಇವಳೊಬ್ಬಳು ತಹಶೀಲ್ದಾರರ ಮುಂದೆ ನಿಂತವಳಂತೆ "ನಮಸ್ಕಾರ್ರಿ" ಎಂದು ಕೈಮುಗಿಯುತ್ತಿದ್ದಳು. ಮನೆ ಬಾಗಿಲಿಗೆ ಯಾರಾದರೂ ಬಂದು ಯಜಮಾನರ ಹೆಸರು ಕೇಳಿದರೆ ಒಳಗಿನಿಂದ ನನಗೆ ಕರೆ ಬರುತ್ತಿತ್ತು.

"ಈರ್ಯಾ, ಬಾ ಇಲ್ಲಿ. ನಿಮ್ಮಪ್ಪನ ಹೆಸರು ಹೇಳು ಅವರಿಗೆ."

ನಾನು ಓಡಿಹೋಗಿ ಹೇಳುತ್ತಿದ್ದೆ, ಒಮ್ಮೆ ಕಂಡಕ್ಟರನ ದನಿಯಲ್ಲಿ, ಒಮ್ಮೆ ಸ್ವಾಮಿಗಳ ದನಿಯಲ್ಲಿ. ಮನೆಯಲ್ಲಿ ನನಗಿದ್ದ ಮೊದಲ ನೌಕರಿ ಅದು. ಅದಕ್ಕೆ ಯಾರೂ ಇಂಟರ್‌ವ್ಯೂ ಮಾಡಿರಲಿಲ್ಲ.

ಒಂದು ಬೆಳಗ್ಗೆ ಸೌಟಿನ ಸಪ್ಪಳ ನಡುವೆಯೇ ನಿಂತಿತು. ಉಪ್ಪಿಟ್ಟು ತಿರುವುತ್ತಿದ್ದವನು ಹಾಗೆಯೇ ಒಲೆಯ ಬದಿಗೆ ಕುಸಿದಿದ್ದ. ಅವ್ವ ಹಿಟ್ಟಿನ ಕೈಯಲ್ಲೇ ಓಡಿದಳು. ದೊಡ್ಡ ಹುಡುಗರು ಅವನನ್ನು ಆಟೋದಲ್ಲಿ ಮಲಗಿಸಿಕೊಂಡು ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣಿಗೆ ಊರಿನವರೆಲ್ಲ ಬಂದರು, ಅತ್ತರು, ಹೋದರು. ಆಯಿ ಅಳಲಿಲ್ಲ. ಕಣ್ಣು ಒಣಗಿಸಿಕೊಂಡು ಹೊರಸಿನ ಮೇಲೆ ಕೂತು ಗೋಡೆಯನ್ನು ಕೇಳಿಸಿಕೊಳ್ಳುತ್ತಿದ್ದಳು. ಆಚೆ ಬದಲಿ ಅಡಿಗೆಯವನೊಬ್ಬ ಬಂದಿದ್ದ. ಅವನ ಸೌಟು ಎಲ್ಲಕ್ಕೂ ಒಂದೇ ರೀತಿ ಬಡಿಯುತ್ತಿತ್ತು; ಅದರಿಂದ ಹೊತ್ತು ತಿಳಿಯುತ್ತಿರಲಿಲ್ಲ. ಅವ್ವನೂ ದೊಡ್ಡದಾಗಿ ಅತ್ತದ್ದು ನನಗೆ ನೆನಪಿಲ್ಲ. ಅವಳು ಅಪ್ಪನ ತಾಟು ತೊಳೆದು ಇಡುವುದನ್ನು ಬಿಡಲಿಲ್ಲ. ಅವನ ಬಗ್ಗೆ ಮಾತು ಬಂದರೆ "ಅವರಿಗೆ ಹಿಂಡಿ ಅಂದ್ರ ಸೇರತದ" ಎಂದು, ಸಂಜೆಗೆ ಬರುವವನ ಬಗ್ಗೆ ಆಡುವಂತೆ ಆಡುತ್ತಿದ್ದಳು. ಇಬ್ಬರೂ ಹೀಗೆ ಅವನನ್ನು ಪೂರ್ತಿ ಕಳಿಸದೆ ಹೊಸ್ತಿಲಲ್ಲೇ ನಿಲ್ಲಿಸಿಕೊಂಡಿದ್ದರು.

ಹಾಸ್ಟೆಲ್ಲು ನಡೆಸುವ ಸಂಸ್ಥೆಯ ಅಧ್ಯಕ್ಷರು ಮಾನ್ವಿಯಲ್ಲಿ ರೈಸ್ ಮಿಲ್ಲು ಇಟ್ಟವರು. ತೀರಿಕೊಂಡವನ ಹೆಂಡತಿಗೆ ಅಡಿಗೆ ಕೆಲಸ ಕೊಡಬಹುದು, ಆದರೆ ನೋಡಿ, ಮಾತಾಡಿಸಿ ಕೊಡುತ್ತೇವೆ, ಮಿಲ್ಲಿಗೆ ಬರಲಿ ಎಂದು ಹೇಳಿಕಳಿಸಿದರು. ಸುದ್ದಿ ತಂದ ವಾರ್ಡನ್ನರು ಮೂಗಿನಿಂದಲೇ ಒಂದು ಎಚ್ಚರಿಕೆಯನ್ನೂ ಕೊಟ್ಟರು.

"ನೋಡವ್ವಾ, ಹಿಂದ ಒಬ್ಬಾಕಿ ಬಂದಿದ್ಲು. ಸೆರಗು ಬಾಯಿಗಿಟ್ಟುಕೊಂಡು ಒಂದಕ್ಕೂ ಉತ್ತರ ಕೊಡಲಿಲ್ಲ. ಬಾಯಿ ಇಲ್ಲದಾಕಿ ಇಷ್ಟು ಹುಡುಗರನ್ನ ಹೆಂಗ ಸಂಭಾಳಸ್ತಾಳ ಅಂತ ಅಧ್ಯಕ್ಷರು ವಾಪಸ್ ಕಳಿಸಿಬಿಟ್ರು. ನೀ ಕೇಳಿದ್ದಕ್ಕ ಗಟ್ಟಿ ಉತ್ತರ ಕೊಡು."

ಕೆಲಸ ಸಿಕ್ಕರೆ ಎರಡು ಕೋಣೆ ನಮಗೇ ಉಳಿಯುತ್ತವೆ. ಸಿಗದಿದ್ದರೆ ಹೊಸ ಅಡಿಗೆಯವನಿಗೆ ಬಿಟ್ಟುಕೊಡಬೇಕು. ಆಗ ಅವ್ವ ಮತ್ತು ನಾನು ದೇವದುರ್ಗದ ಸೋದರಮಾವನ ಮನೆಗೆ, ಆಯಿ ಕವಿತಾಳದ ದೊಡ್ಡ ಮಗನ ಮನೆಗೆ. ಇದನ್ನು ಹಿರಿಯರು ಆಗಲೇ ಮಾತಾಡಿ ಮುಗಿಸಿದ್ದರು. ಕವಿತಾಳದ ದೊಡ್ಡಪ್ಪನ ಮನೆಯಲ್ಲಿ ಆಯಿಗೆ ಹೊರಸು ಹಾಕಲು ಜಾಗ ಇರಲಿಲ್ಲ. ದನದ ಕೊಟ್ಟಿಗೆಯ ಪಕ್ಕದ ಪಡಸಾಲೆಯಲ್ಲಿ ನೋಡೋಣ ಎಂದಿದ್ದರು. ಆಯಿ ಇದನ್ನು ಕೇಳಿ, ದನ ಒಳ್ಳೆಯವು, ಮಾತಾಡುವುದಿಲ್ಲ ಎಂದಷ್ಟೇ ಹೇಳಿದಳು. ಅವ್ವ ಮಾತ್ರ ಅಂದು ರಾತ್ರಿ ಊಟಕ್ಕೆ ಏಳಲಿಲ್ಲ. ತಾಯಿ ಇಲ್ಲದೆ ಬೆಳೆದವಳು ಅವಳು. ರೊಟ್ಟಿ ಬಡಿಯಲು ಕಲಿಸಿದವಳೂ, ನನ್ನ ಬಾಣಂತನ ಮಾಡಿದವಳೂ ಆಯಿಯೇ.

ತಾಲೀಮು ಕೊಡಲು ದೇವದುರ್ಗದಿಂದ ಮಾವ ಬಂದ. ಮಾವ ಇಂಟರ್‌ವ್ಯೂಗಳಲ್ಲಿ ಪಂಡಿತ. ಕಿರಾಣಿ ಅಂಗಡಿ ಹಾಕುವ ಮೊದಲು ಅವನು ಹೋಗದ ಇಂಟರ್‌ವ್ಯೂ ಇರಲಿಲ್ಲ. ಅಷ್ಟೂ ಕಡೆಯಿಂದ ಅನುಭವ ತಂದಿದ್ದ, ನೌಕರಿ ತಂದಿರಲಿಲ್ಲ. ಅಂಗಿಯ ಕಾಲರಿಗೆ ಕರವಸ್ತ್ರ ಸುತ್ತಿಕೊಂಡು, ಹೊರಸಿನ ಅಂಚಿಗೆ ಕೂತು, ಬಾಗಿಲಿನಿಂದ ಒಳಗೆ ಬರುವುದು ಹೇಗೆ, ಚಪ್ಪಲಿ ಎಲ್ಲಿ ಬಿಡುವುದು, ಕೂಡು ಎನ್ನುವ ಮೊದಲು ಕೂಡಬಾರದು, ಎಲ್ಲ ಹೇಳಿಕೊಟ್ಟ. ಅಧ್ಯಕ್ಷರಾಗುವ ಕೆಲಸ ನನಗೆ ಬಿತ್ತು. ನಾನು ಅವರನ್ನು ಕಂಡವನಲ್ಲ. ಆದರೆ ಮಿಲ್ಲಿನ ಮಾಲೀಕ ಎಂದ ಮೇಲೆ ಹೊಟ್ಟೆ ಇರಲೇಬೇಕು. ಅಂಗಿಯೊಳಗೆ ದಿಂಬು ತುರುಕಿ, ಆಯಿಯ ಕನ್ನಡಕ ಹಾಕಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಗುಡುಗಿದೆ.

"ಯಾರದು ಬಾಗಲಾಗ? ಒಳಗ ಬಾ."

"ನಮಸ್ಕಾರ್ರಿ," ಎಂದಳು ಅವ್ವ.

"ನಾಗೂ, ಅಲ್ಲಿ ಶರಣ್ರಿ ಅನಬೇಕ ಬೇ. ಅವರು ಭಾಳ ಆಚಾರದವರು," ಎಂದ ಮಾವ.

"ಯಣ್ಣಾ, ಅದು ನನ್ನ ಬಾಯಾಗ ಬರಂಗಿಲ್ಲ ಅಂತ ನಿನಗ ಗೊತ್ತದ."

"ಇರಲಿ ಬಿಡು. ಮುಂದ ನಡಿ, ಅಧ್ಯಕ್ಷಾ."

"ಹೆಸರೇನಮ್ಮಾ?"

"ನಾಗಮ್ಮ ರೀ."

"ತವರು?"

"ದೇವದುರ್ಗ ರೀ."

"ಹುಡುಗರು ಅನ್ನ ಸರಿ ಇಲ್ಲ ಅಂತ ತಾಟು ಬಡದ್ರ ಏನ್ ಮಾಡ್ತಿ?"

"ನಿಮ್ಮಂಥ ಮಂಗ್ಯಾ ಒಂದು ನಮ್ಮನ್ಯಾಗೂ ಅದ ರೀ. ಅದಕ್ಕ ಏನ್ ಮಾಡ್ತೀನೋ ಅದನ್ನ ಮಾಡ್ತೀನಿ."

ಮಾವ ತೊಡೆ ಬಡಿದು ನಕ್ಕ. ಆಯಿಯ ತುಟಿಯೂ ಒಂದಿಷ್ಟು ಅಲುಗಿತು. ಅಪ್ಪ ಹೋದ ಮೇಲೆ ಆ ಕೋಣೆಯಲ್ಲಿ ಎದ್ದ ಮೊದಲ ನಗೆ ಅದು. ಅಧ್ಯಕ್ಷ ಹುರುಪೇರಿ ದಿಂಬು ಮೇಲಕ್ಕೆ ಎಳೆದುಕೊಂಡು ಮುಂದಿನ ಪ್ರಶ್ನೆ ಹಾಕಿದ.

"ಗಂಡನ ಹೆಸರು?"

ಅವ್ವ ನೆಲ ನೋಡಿದಳು. ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು. ಕೊನೆಗೆ ನನ್ನ ಕಡೆ ಕೈ ತೋರಿಸಿ, "ಈರ್ಯಾ ಹೇಳ್ತಾನ," ಎಂದಳು.

ಅಲ್ಲಿಂದ ಮುಂದೆ ಇಡೀ ತಾಲೀಮು ಆ ಒಂದೇ ಪ್ರಶ್ನೆಯ ಸುತ್ತ ತಿರುಗಿತು. ಒಬ್ಬ ಅಭ್ಯರ್ಥಿ, ಮೂವರು ಮಾಸ್ತರರು. ಮೊದಲು ಶರ ಅನ್ನು, ಆಮೇಲೆ ಣಪ್ಪ ಅನ್ನು, ಕೂಡಿಸುವುದನ್ನು ಅವರೇ ಕೂಡಿಸಿಕೊಳ್ಳುತ್ತಾರೆ ಎಂದ ಮಾವ. ಆಯಿಗೆ ಒಡಪು ನೆನಪಾಯಿತು. ಮದುವೆಯಲ್ಲಿ ಹೊಸ ಹೆಂಡತಿ ಗಂಡನ ಹೆಸರನ್ನು ಎರಡು ಸಾಲಿನ ಪದ್ಯದಲ್ಲಿ ಸೇರಿಸಿ ಹೇಳುತ್ತಾಳಲ್ಲ, ಅಷ್ಟಕ್ಕೆ ಮಾತ್ರ ಯಾವ ದೋಷವೂ ಇಲ್ಲ.

"ಬಿಳಿಜ್ವಾಳದ ತೆನಿ ತೂಗತಾವ ಹೊಲದಾಗ, ಅಂತ ಹೇಳಿದ್ದಿಯಲ್ಲ ನಾಗವ್ವ, ಹಂದರದಾಗ. ಅದನ್ನ ಹೇಳು," ಎಂದಳು ಆಯಿ.

"ಇಂಟರ್‌ವ್ಯೂದಾಗ ಒಡಪು ಹೇಳಿದ್ರ ಅಕ್ಕಿಕಾಳು ಒಗದು ಆಶೀರ್ವಾದ ಮಾಡಿ ಕಳಸ್ತಾರ ನೋಡಮ್ಮಾ," ಎಂದ ಮಾವ.

ಆದರೂ ಅವ್ವ ಕಣ್ಣುಮುಚ್ಚಿ ಪ್ರಯತ್ನಿಸಿದಳು. "ಬಿಳಿಜ್ವಾಳದ ತೆನಿ ತೂಗತಾವ ಹೊಲದಾಗ," ಎಂಬಲ್ಲಿಯವರೆಗೆ ದನಿ ಚೆನ್ನಾಗಿಯೇ ಬಂತು. ಎರಡನೆಯ ಸಾಲಿನ ಮೊದಲ ಮಾತೇ ಹೆಸರು. ಅಲ್ಲಿ ಅವಳ ತುಟಿ ಮುಚ್ಚಿಕೊಂಡು ಬಿಡುತ್ತಿತ್ತು. ಅಂಗಡಿಗೆ ಹೊತ್ತಾಗಿದ್ದ ಮಾವನಿಗೆ ತಾಳ್ಮೆ ಹಾರಿತು.

"ಹೇಳಿಬಿಡು ಬೇ. ಇನ್ನ ಯಾರ ಆಯುಷ್ಯ ಕಮ್ಮಿ ಆಗೂದದ?"

ಗೋಡೆಯ ಆಚೆ ಬದಲಿ ಅಡಿಗೆಯವನು ಏನನ್ನೋ ಬಡಿಯುತ್ತಿದ್ದ. ಮಾವ ಕೆಟ್ಟವನಲ್ಲ, ಅಂದದ್ದು ತನ್ನ ಕಿವಿಗೆ ಬಿದ್ದ ಮೇಲೆ ಕರವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ, ಆ ಕಡೆ ತಿರುಗಿ ಇನ್ನೊಮ್ಮೆ ಒರೆಸಿಕೊಂಡ. ಆಯಿ ಹೊರಸಿನಿಂದ ಇಳಿದು ಒಲೆಯ ಕೋಣೆಗೆ ಹೋಗಿ ಅವನಿಗೆ ಚಹಾ ಇಟ್ಟಳು. ಹೊರಡುವಾಗ ಅವನು, ಕೆಲಸ ಆಗಲಿಲ್ಲವೆಂದರೆ ಫೋನು ಮಾಡ್ರಿ, ಸಾಮಾನಿಗೆ ಟೆಂಪೊ ತರುತ್ತೇನೆ ಎಂದು ಮೆಲ್ಲಗೆ ಹೇಳಿಹೋದ.

ಮರುದಿನ ಮಧ್ಯಾಹ್ನ ನನಗೆ ಅಧ್ಯಕ್ಷನ ವೇಷ ಬೇಡವೆನಿಸಿತು. ದಿಂಬು ಇಲ್ಲದೆ ಕುರ್ಚಿಯ ಮೇಲೆ ಕೂತಿದ್ದೆ. ಅವ್ವ ಜೋಳ ಹಸನು ಮಾಡುತ್ತಿದ್ದಳು. ಮನೆಯಲ್ಲಿ ಎಲ್ಲರ ದನಿ ಮಾಡಿ ಮುಗಿಸಿದ್ದ ನನಗೆ ಒಬ್ಬರದು ಬಾಕಿ ಇದೆಯೆನಿಸಿತೋ ಏನೋ, ಯೋಚನೆ ಮಾಡಿ ಮಾಡಿದ್ದಲ್ಲ, ಬಾಯಿ ತಾನೇ ತೆರೆಯಿತು. ಅಪ್ಪನಿಗೆ ಗಂಟಲ ತುದಿಯಲ್ಲಿ ಒಗ್ಗರಣೆಯ ಹೊಗೆ ಕೂತಂತೆ ಒಂದು ಗರಗರ ಇತ್ತು; ಅದೇ ನನ್ನ ಬಾಯಿಂದ ಬಂತು.

"ಏನ ಬೇ ನಾಗೂ, ನನ್ನ ಹೆಸರು ಹೇಳಾಕ ಇಷ್ಟ್ಯಾಕ ನಾಚಾಕತ್ತಿ?"

"ಸುಮ್ಮ ಕುಂದರ್ರಿ ನೀವು," ಎಂದಳು ಅವ್ವ, ಮೊರದಿಂದ ತಲೆ ಎತ್ತದೆ.

ಆಮೇಲೆ ಎತ್ತಿದಳು. ನನ್ನನ್ನು ನೋಡಿದಳು. ಹೊಡೆಯುತ್ತಾಳೆಂದು ನಾನು ಕುರ್ಚಿಯ ಹಿಂದೆ ಸರಿದೆ. ಅವಳು ಹೊಡೆಯಲಿಲ್ಲ. ಮೊರ ಕೆಳಗಿಟ್ಟು, ಹುಡುಗಿಯರು ಕೇಳುವ ಹಾಗೆ ಸಣ್ಣಗೆ ಕೇಳಿದಳು.

"ಇನ್ನೊಮ್ಮಿ ಅನ್ನು."

ನಾನು ಬಾಯಿ ತೆರೆದೆ. ವಾರ್ಡನ್ನರು ಬಂದರು, ಕಂಡಕ್ಟರು ಬಂದ, ಮಾವ ಬಂದ. ಅಪ್ಪ ಬರಲಿಲ್ಲ. ಅವ್ವ ಬಹಳ ಹೊತ್ತು ಕಾದಳು. ಇವತ್ತಿಗೂ ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಗೆಳೆಯರ ನಡುವೆ ಯಾರ ದನಿ ಕೇಳಿದರೂ ತೆಗೆದುಕೊಡುತ್ತೇನೆ. ನನ್ನದೇ ದನಿ ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ. ಅಪ್ಪನ ಆ ಒಂದು ದನಿ ಮತ್ತೆ ಸಿಕ್ಕಿಲ್ಲ. ಒಬ್ಬನೇ ಇದ್ದಾಗ ಈಗಲೂ ಪ್ರಯತ್ನಿಸುತ್ತೇನೆ. ಅಂದು ಅವ್ವ ಕೊನೆಗೆ ಮೊರ ಎತ್ತಿಕೊಂಡು ಆಯಿಯ ಕಡೆ ತಿರುಗಿದಳು.

"ಅತ್ತಿ, ಅಲ್ಲಿ ಹೇಳ್ತೀನಿ. ಇಲ್ಲಿ ಬ್ಯಾಡ. ಇದು ಅವರ ಮನಿ."

ಮಾನ್ವಿಗೆ ಮೂವರೂ ಹೋದೆವು. ಆಯಿಯನ್ನು ಬರಬೇಡವೆಂದರೂ ಕೇಳಲಿಲ್ಲ. ಅವ್ವ ಗಂಜಿ ಹಾಕಿದ ತಿಳಿನೀಲಿ ಸೀರೆ ಉಟ್ಟಿದ್ದಳು. ಬಸ್ಸಿನಲ್ಲಿ ಅದು ಮುದುಡದಂತೆ ಸೀಟಿನ ತುದಿಗೆ ಕೂತಿದ್ದಳು. ಮಿಲ್ಲಿನ ಅಂಗಳದ ತುಂಬ ಕುದಿಸಿದ ಭತ್ತದ ವಾಸನೆ, ಗಾಳಿಯಲ್ಲಿ ತೌಡಿನ ದೂಳು, ಯಂತ್ರಗಳ ಸಪ್ಪಳ. ಆಫೀಸಿನ ಹೊರಗೆ ತೌಡಿನ ಚೀಲಗಳ ಪಕ್ಕದಲ್ಲಿ ಒಂದು ಬೆಂಚು, ಮೇಲೆ ತೆರೆದ ಕಿಟಕಿ. ನಾನೂ ಆಯಿಯೂ ಬೆಂಚಿನ ಮೇಲೆ ಉಳಿದೆವು. ಅವ್ವ ಮಾವ ಹೇಳಿದ ಜಾಗದಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋದಳು. ನಾನು ಬೆಂಚಿನ ಮೇಲೆ ಹತ್ತಿ ಕಿಟಕಿಯಲ್ಲಿ ಇಣುಕಿದೆ. ನನ್ನ ಅಧ್ಯಕ್ಷ ಪೂರ್ತಿ ತಪ್ಪಾಗಿದ್ದ. ನಿಜವಾದವರಿಗೆ ಹೊಟ್ಟೆಯೇ ಇರಲಿಲ್ಲ. ಬಿಳಿ ಅಂಗಿಯ ಒಣಕಲು ಮುದುಕರು, ದನಿ ಹತ್ತಿಯಷ್ಟು ಮೆತ್ತಗೆ. ಪಕ್ಕದಲ್ಲಿ ಗುಮಾಸ್ತ ಬರೆದುಕೊಳ್ಳಲು ಕೂತಿದ್ದ.

"ಶರಣು ತಾಯಿ, ಬಾ. ಕುಂದ್ರು," ಎಂದರು ಅಧ್ಯಕ್ಷರು.

"ನಮಸ್ಕಾರ್ರಿ."

ಹೆಸರು ಕೇಳಿದರು, ತವರು ಕೇಳಿದರು. ಅವ್ವ ಗಟ್ಟಿಯಾಗಿಯೇ ಹೇಳಿದಳು. ಹುಡುಗರು ಹಟ ಮಾಡಿದರೆ ಏನು ಮಾಡುತ್ತಿ ಎಂದಾಗ, ನನ್ನ ಮಗನಂಥವನನ್ನೇ ಸಾಕಿದ್ದೇನೆ ಎಂದು ನಗಿಸಿದಳು ಕೂಡ. ಆಮೇಲೆ ಗುಮಾಸ್ತ ಪೆನ್ನು ಎತ್ತಿ, ಗಂಡನ ಹೆಸರು ಎಂದ. ಬೆಂಚಿನ ಮೇಲೆ ಆಯಿ ನನ್ನ ಕಾಲು ಹಿಡಿದುಕೊಂಡಳು.

"ಶರಣಪ್ಪ ರೀ," ಎಂದಳು ಅವ್ವ.

"ಏನಂದಿ ತಾಯಿ? ಈ ಸಪ್ಪಳದಾಗ ನನಗ ಕೇಳಂಗಿಲ್ಲ," ಎಂದರು ಅಧ್ಯಕ್ಷರು, ಕಿವಿಗೆ ಕೈ ಹಚ್ಚಿ.

"ಶರಣಪ್ಪ. ನನ್ನ ಗಂಡನ ಹೆಸರು ಶರಣಪ್ಪ ರೀ."

ಎಷ್ಟು ಚೆನ್ನಾಗಿ ಹೇಳಿದಳೆಂದರೆ ನನಗೆ ಕಿಟಕಿಯಲ್ಲೇ ಚಪ್ಪಾಳೆ ತಟ್ಟಬೇಕೆನಿಸಿತು. ಅವಳ ಬೆನ್ನು ನೇರವಾಗಿತ್ತು. ಗುಮಾಸ್ತ ಬರೆಯಲಿಲ್ಲ. ಒಳ್ಳೆಯ ಮಾತಿನಲ್ಲೇ ತಿದ್ದಿದ.

"ಹಂಗ ಅಲ್ಲವ್ವಾ. ಇನ್ನ ಮ್ಯಾಲ ಬರೇ ಶರಣಪ್ಪ ಅನಬಾರದು. ಲಿಂಗೈಕ್ಯ ಶರಣಪ್ಪ ಅನಬೇಕು. ಅನ್ನು ನೋಡೋಣ."

ಮನೆಯಲ್ಲಿ ಯಾರೂ ಈ ಮಾತನ್ನು ಹೇಳಿಕೊಟ್ಟಿರಲಿಲ್ಲ. ಅಷ್ಟು ಹೊತ್ತು ಮೂವರು ಮಾಸ್ತರರು ಕೂತು ಕಲಿಸಿದ್ದು ಬದುಕಿದ್ದವನ ಹೆಸರನ್ನು. ತೀರಿದವರ ಹೆಸರಿನ ಮುಂದೆ ನಮ್ಮ ಮಂದಿ ಹಚ್ಚುವ ಆ ಮಾತು ಎಲ್ಲರಿಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು, ಯಾರ ಬಾಯಿಗೂ ಬಂದಿರಲಿಲ್ಲ. ಅವ್ವ ಒಂದು ಗಳಿಗೆ ಗುಮಾಸ್ತನನ್ನು ನೋಡಿದಳು. ಆಮೇಲೆ, ಕೇಳಿದ್ದಕ್ಕೆಲ್ಲ ಗಟ್ಟಿ ಉತ್ತರ ಕೊಡಬೇಕೆಂದು ಮನಸ್ಸು ಮಾಡಿ ಬಂದವಳು, ಮಿಲ್ಲಿನ ಸಪ್ಪಳವನ್ನು ಮೀರಿ ಹೇಳಿದಳು.

"ಲಿಂಗೈಕ್ಯ ಶರಣಪ್ಪ."

ನನ್ನ ಕಾಲು ಹಿಡಿದಿದ್ದ ಕೈ ಸಡಿಲಾಯಿತು. ಕೆಳಗೆ ನೋಡಿದರೆ ಆಯಿ ಬೆಂಚಿನಿಂದ ನೆಲಕ್ಕೆ ಜಾರಿ ಚೀಲಗಳಿಗೆ ಒರಗಿದ್ದಳು. ಮಣ್ಣು ಕೊಟ್ಟ ದಿನ ಒಣಗಿದ್ದ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ನೆನಪೂ ಅವಳಿಗಿರಲಿಲ್ಲ.

"ಈಗ ಹೋದ ನನ್ನ ಮಗ," ಎಂದಳು ಆಯಿ. ನನಗೆ ಹೇಳಿದ್ದಲ್ಲ.

ಒಳಗೆ ಇನ್ನೂ ಒಂದೆರಡು ಮಾತು ನಡೆದವು. ಅವ್ವ ಹೊರಗೆ ಬಂದಾಗ ಅವಳ ಮುಖದಲ್ಲಿ, ಪಾಸಾದ ಹುಡುಗಿಯರ ಮುಖದಲ್ಲಿ ಇರುವಂಥ ನಗು ಇತ್ತು. ಒಂದು ಚಪ್ಪಲಿಯನ್ನಷ್ಟೇ ಮೆಟ್ಟಿಕೊಂಡು, ಇನ್ನೊಂದನ್ನು ಮರೆತು ನಮ್ಮ ಕಡೆ ಬಂದಳು.

"ಅತ್ತಿ, ಸೋಮವಾರದಿಂದ ಬಾ ಅಂದ್ರು. ಮನಿ ನಮಗ ಇರತದಂತ. ನೀವು ಎಲ್ಲೂ ಹೋಗೂದು ಬ್ಯಾಡ. ನಾನು ಎಲ್ಲಾ ಹೇಳ್ದೆ, ಗಟ್ಟಿ ಹೇಳ್ದೆ."

"ಕೇಳ್ತು ಯವ್ವಾ," ಎಂದಳು ಆಯಿ. "ಇಲ್ಲಿ ತನಕ ಕೇಳ್ತು."

ಅವ್ವ ಆಯಿಯ ಮುಖ ನೋಡಿದಳು. ಒಳಗೆ ತಾನು ಏನು ಹೇಳಿ ಬಂದೆ ಎಂಬುದು ಅವಳಿಗೆ ಆಗ ತಿಳಿಯುತ್ತ ಬಂತು. ನಗು ಒಮ್ಮೆಲೇ ಹೋಗಲಿಲ್ಲ. ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದಂತೆ ಸ್ವಲ್ಪ ಹೊತ್ತು ತುಟಿಯ ಮೇಲೆಯೇ ನಿಂತಿತ್ತು. ಆಮೇಲೆ ಅವಳು ಗಂಜಿಯ ಸೀರೆಯಲ್ಲೇ ತೌಡಿನ ದೂಳಿನ ನೆಲಕ್ಕೆ ಕೂತು, ಅತ್ತೆಯ ತೊಡೆಯ ಮೇಲೆ ತಲೆ ಇಟ್ಟಳು. ಮಿಲ್ಲಿನ ಸಪ್ಪಳ ಇದ್ದದ್ದರಿಂದ ಅಂಗಳದ ಹಮಾಲರು ಯಾರೂ ತಿರುಗಿ ನೋಡಲಿಲ್ಲ.